ಅವನ ಕಾಲುಗಳ ಬಗ್ಗೆ ನಾನು ಬರೆದ ಒಂದು ಸಾಲು

ನಾನು ಬರೆದದ್ದು ಒಂದೇ ಪುಸ್ತಕ. ಕಬಡ್ಡಿಯ ಹುಚ್ಚು ಹಿಡಿದ ಒಬ್ಬ ಪ್ರೇಕ್ಷಕನ ನೆನಪುಗಳು. ಆಟಗಾರನಲ್ಲ, ಬರೀ ಪ್ರೇಕ್ಷಕ. ಅದು ಮೊದಲು ಕನ್ನಡದಲ್ಲಿ ಬಂತು, ಆಮೇಲೆ ಮರಾಠಿಗೆ ಹೋಯಿತು, ಮರಾಠಿಯಿಂದ ಟೀವಿಗೆ, ಟೀವಿಯಿಂದ ಹಿಂದಿ ಸಿನಿಮಾಕ್ಕೆ. ಕೇಳಿದವರು ನನ್ನನ್ನು ಅದೃಷ್ಟವಂತ ಎನ್ನುತ್ತಾರೆ. ಆ ಪುಸ್ತಕದಲ್ಲಿ ಒಬ್ಬ ಮನುಷ್ಯನ ನಿಜವಾದ ಹೆಸರನ್ನು ಬರೆದಿದ್ದೆ. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಸಾಕಾಗಿದೆ.

ನಮ್ಮ ತಂದೆ ಬಿಜಾಪುರದಿಂದ ಪುಣೆಗೆ ಬಂದು ಕಾಳುಕಡಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ನಾನು ಹುಟ್ಟಿದ್ದೂ ಓದಿದ್ದೂ ಇಲ್ಲೇ. ತೊಂಬತ್ತರ ದಶಕದ ಮೊದಲಲ್ಲಿ ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಸ್ಟೋರ್ ಕ್ಲರ್ಕ್ ಆದೆ. ಹೊಸದಾಗಿ ಮದುವೆಯಾಗಿತ್ತು. ಹಡಪಸರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ದಿನಾ ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು, ನಡುವೆ ಡ್ರಮ್ಮುಗಳ ಲೆಕ್ಕ, ಮೂಗಿನಲ್ಲಿ ಎಷ್ಟು ತೊಳೆದರೂ ಹೋಗದ ಆಮ್ಲದ ವಾಸನೆ. ಬದುಕಿನಲ್ಲಿ ಮುಂದೇನೂ ಆಗುವುದಿಲ್ಲ ಎಂಬುದು ಇಪ್ಪತ್ತಾರನೇ ವಯಸ್ಸಿಗೇ ನನಗೆ ಖಾತ್ರಿಯಾಗಿತ್ತು.

ಬಸ್ಸು ಇಳಿಯುವ ಜಾಗದಿಂದ ಮನೆಗೆ ಹೋಗುವ ದಾರಿಯಲ್ಲಿ ಒಂದು ಮೈದಾನವಿತ್ತು. ಅಲ್ಲಿ ಓಣಿಯ ಮಂಡಳದವರು, ಅಂದರೆ ಗಣಪತಿ ಕೂಡಿಸುವ ಹುಡುಗರೇ, ಕಬಡ್ಡಿ ಆಡುತ್ತಿದ್ದರು. ಒಂದು ಸಂಜೆ ಬೇಲಿಯ ಆಚೆ ನಿಂತು ನೋಡುತ್ತಿದ್ದೆ. ಒಬ್ಬ ತೆಳ್ಳಗಿನ, ಕಪ್ಪನೆಯ ಹುಡುಗ ಎದುರು ಪಾಳಯದೊಳಗೆ ಹೊಕ್ಕು ಇಬ್ಬರನ್ನು ಮುಟ್ಟಿ, ಮೂರನೆಯವನ ಭುಜದ ಮೇಲಿಂದ ಹಾರಿ ನಡುಗೆರೆಗೆ ಬಿದ್ದ. ಎದ್ದು ಮೈಯ ಮಣ್ಣು ಕೊಡವುತ್ತಾ, ತನಗೆ ತಾನೇ ಎಂಬಂತೆ, 'ಯಪ್ಪಾ, ಸಾಕಾತು' ಅಂದ.

ಕನ್ನಡ! ಸುತ್ತ ನಿಂತಿದ್ದವರೆಲ್ಲ ಮರಾಠಿ ಮಂದಿ. ನಾನು ಬೇಲಿ ದಾಟಿ ಹೋಗಿ ಕೇಳಿದೆ: 'ಯಾವೂರಪ್ಪಾ ನಿಮ್ದು?'

'ಯಾದಗಿರಿ ಕಡೆ ರೀ. ಇಲ್ಲಿ ಕೆಲಸಕ್ಕ ಬಂದೀವ್ರಿ.'

ಅಷ್ಟೇ. ನಂತರದ ಏಳೆಂಟು ವರ್ಷ ನಾನು ಆ ತಂಡದ ಒಂದು ಆಟವನ್ನೂ ತಪ್ಪಿಸಲಿಲ್ಲ. ಭೋಸರಿಯಲ್ಲಿರಲಿ, ದೌಂಡದಲ್ಲಿರಲಿ, ಬಾರಾಮತಿಯಲ್ಲಿರಲಿ, ಅಲ್ಲಿ ನಾನಿರುತ್ತಿದ್ದೆ. ಅವನು ದಾಳಿಗೆ ಹೊರಟರೆ ಮೈದಾನದ ಮರಾಠಿ ಗದ್ದಲದ ನಡುವೆ ನಾನೊಬ್ಬನೇ ಕನ್ನಡದಲ್ಲಿ ಕೂಗುತ್ತಿದ್ದೆ: 'ಹೊಳ್ಳೋ ತಮ್ಮಾ, ಹೊಳ್ಳೋ!' ಸಾಕು, ತಿರುಗಿ ಬಾ ಎಂದು. ಅವನು ಗೆದ್ದ ದಿನ ನಾನು ಸ್ಟೋರಿನಲ್ಲಿ ಹಾಡು ಗುನುಗುತ್ತಿದ್ದೆ. ಸೋತ ದಿನ ಹೆಂಡತಿ ತಾಟು ಮುಂದಿಟ್ಟರೆ ಕೈತೊಳೆದು ಎದ್ದುಬಿಡುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ಆಸ್ಪತ್ರೆಗೆ ಹೋಗಬೇಕಾದ ಒಂದು ದಿನ ತಂಡದ ಸೆಮಿಫೈನಲ್ ಬಂತು. ಹೆಂಡತಿ ಒಬ್ಬಳೇ ಹೋಗಿಬಂದಳು. ಡಾಕ್ಟರು ಏನೆಂದರು ಎಂದು ನಾನು ಕೇಳಲಿಲ್ಲ.

ತಂಡ ಮೂರು ಸಲ ಜಿಲ್ಲಾ ಫೈನಲ್ಲಿಗೆ ಹೋಗಿ ಮೂರು ಸಲವೂ ಸೋತಿತು. ಮೂರನೆಯದೇ ನನ್ನ ಪುಸ್ತಕದ ಕೊನೆಯ ಅಧ್ಯಾಯ. ಕೊನೆಯ ನಿಮಿಷದಲ್ಲಿ ಒಂದು ಅಂಕ ಹಿಂದೆ. ಅವನು ದಾಳಿಗೆ ಹೋದ, ಮೂಲೆಯಲ್ಲಿದ್ದವನನ್ನೂ ಅವನ ಪಕ್ಕದವನನ್ನೂ ಮುಟ್ಟಿದ. ಹಿಂದಿರುಗಿ ಗೆರೆ ತಲುಪಿದ್ದರೆ ಟ್ರೋಫಿ ನಮ್ಮದು. ಅವನಿಗೆ ಅದು ಎರಡು ಹೆಜ್ಜೆಯ ಕೆಲಸ. ಆದರೆ ಆ ಸಂಜೆ ಅವನ ಕಾಲು ಮೇಲೇಳಲಿಲ್ಲ. ಹಾರುವ ಜಾಗದಲ್ಲಿ ಎಡವಿದ. ಯಾರೋ ಹಿಮ್ಮಡಿ ಹಿಡಿದರು. ಮಣ್ಣಿನಲ್ಲಿ ಮುಖ ಹುದುಗಿ ಬಿದ್ದವನ ಬೆರಳುಗಳು ಗೆರೆಗೆ ಗೇಣು ದೂರದಲ್ಲಿದ್ದವು.

ನಾನು ಅವನ ಹತ್ತಿರ ಹೋಗಲಿಲ್ಲ. ಸಿಟ್ಟಿತ್ತು. ಮನೆಗೆ ಬಂದು ಮೂರು ದಿನ ಕೆಲಸಕ್ಕೂ ಹೋಗಲಿಲ್ಲ. ಆ ಸಿಟ್ಟಿನಲ್ಲೇ ಪುಸ್ತಕ ಬರೆಯಲು ಕೂತದ್ದು. ಎರಡು ವರ್ಷ ರವಿವಾರಗಳಲ್ಲಿ ಕೂತು ಬರೆದೆ. ಮೈದಾನದ ಮಣ್ಣು, ಮಂದಿಯ ಕೂಗು, ನನ್ನ ಒಣಗಿದ ಗಂಟಲು, ನನ್ನ ಸೋಲು, ಎಲ್ಲ ಬರೆದೆ. ಕೊನೆಯ ದಾಳಿಯ ಬಗ್ಗೆ ಬರೆಯುವಾಗ ಒಂದು ಸಾಲು ಬಂತು: 'ಆ ಸಂಜೆ ಅವನ ಕಾಲುಗಳು ಕುಡಿದವನ ಕಾಲುಗಳ ಹಾಗೆ ಅವನ ಮಾತು ಕೇಳದೆ ತೂರಾಡಿದವು.' ಬರೆದ ಮೇಲೆ ಅದನ್ನು ಎರಡು ಮೂರು ಸಲ ಗಟ್ಟಿಯಾಗಿ ಓದಿಕೊಂಡೆ. ಚೆನ್ನಾಗಿದೆ ಅನ್ನಿಸಿತು. ನಿಜ ಹೇಳಬೇಕೆಂದರೆ, ಇಡೀ ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ ಸಾಲು ಅದೇ ಆಗಿತ್ತು.

ಇಲ್ಲಿನ ಕನ್ನಡಿಗರ ಒಂದು ಸಂಘದವರು ಪುಸ್ತಕವನ್ನು ಅಚ್ಚು ಹಾಕಿಸಿದರು. ಒಂದು ಪ್ರತಿಯನ್ನು ಅವನಿಗೂ ಕೊಟ್ಟೆ. ಆಗ ಅವನು ಆಟ ಬಿಟ್ಟು ಗಾರೆ ಕೆಲಸದ ಮೇಸ್ತ್ರಿಯಾಗಿದ್ದ. ಎರಡೂ ಕೈಯಿಂದ ತೆಗೆದುಕೊಂಡು ಹಣೆಗೆ ಒತ್ತಿಕೊಂಡ. ಅವನಿಗೆ ಓದಲು ಬರುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನ ಮರಾಠಿ ಗೆಳೆಯನ ತಾಯಿ ಧಾರವಾಡದವರು. ಅವನೇ ಅದನ್ನು ಮರಾಠಿಗೆ ಮಾಡಿದ. ಅದು ನಾಲ್ಕು ಜನರ ಕಣ್ಣಿಗೆ ಬಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಟೀವಿ ನಿರ್ದೇಶಕರೊಬ್ಬರು ಮನೆಗೇ ಬಂದರು. ಚಹಾ ಕುಡಿದು, ಪುಸ್ತಕ ಹೊಗಳಿ, ಇದನ್ನು ಎರಡು ತಾಸಿನ ಟೆಲಿಫಿಲ್ಮ್ ಮಾಡುತ್ತೇನೆ ಎಂದರು. ನಾನು ಅವರು ತಂದ ಕಾಗದಕ್ಕೆ ಓದದೆ ಸಹಿ ಹಾಕಿದೆ. ತಿಂಗಳಾದ ಮೇಲೆ ಚಿತ್ರಕಥೆ ಕಳಿಸಿದರು. ಅದನ್ನು ಮಾತ್ರ ಓದಿದೆ. ಅದರಲ್ಲಿ ಫೈನಲ್ಲಿಗೆ ಮುಂಚೆ ನಾಯಕ ಸೆರೆಯ ಅಂಗಡಿಯಲ್ಲಿ ಕೂತು ಬಾಟಲಿ ಖಾಲಿ ಮಾಡುವ ದೃಶ್ಯವಿತ್ತು.

ಫೋನ್ ಮಾಡಿದೆ. 'ಸಾಹೇಬ್ರೇ, ಅವನು ಕುಡಿದಿರಲಿಲ್ಲ' ಎಂದು ಮರಾಠಿಯಲ್ಲಿ ಹೇಳಿದೆ.

'ನೀವೇ ಬರೆದಿದ್ದೀರಲ್ಲ' ಎಂದರು ಅವರು.

'ಅದು ಕುಡಿದವನ ಹಾಗೆ ಅಂತ. ಹೋಲಿಕೆ.'

'ಹಾಗಾದರೆ ಯಾಕೆ ಎಡವಿದ? ನೀವು ಹೇಳಿ, ಅದನ್ನೇ ತೋರಿಸುತ್ತೇನೆ.'

ಅದೇ ಹಡಪಸರದಲ್ಲಿ, ಹತ್ತು ನಿಮಿಷ ನಡೆದರೆ ಸಿಗುವ ಮನೆಯಲ್ಲಿ ಅವನಿದ್ದ. ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ನಾನು ಜಗಳ ತೆಗೆಯಬೇಕಾಗುತ್ತದೆ, ಜಗಳ ತೆಗೆದರೆ ಚಿತ್ರ ನಿಂತುಹೋಗಬಹುದು ಎಂದು ಹೆದರಿದೆ. 'ನಿಮಗೆ ಸರಿ ಕಂಡ ಹಾಗೆ ಮಾಡಿ' ಎಂದು ಫೋನ್ ಇಟ್ಟೆ.

ಶೂಟಿಂಗಿಗೆ ಕರೆದರು. ರಜೆ ಹಾಕಿ ಹೋದೆ. ನನಗೊಂದು ಕುರ್ಚಿ ಕೊಟ್ಟರು, ಆಮೇಲೆ ಪ್ರೇಕ್ಷಕರ ಗುಂಪಿನಲ್ಲಿ ನಿಲ್ಲಿಸಿ ಕೂಗಲು ಹೇಳಿದರು. ನಾಯಕನ ಪಾತ್ರದ ನಟ ತೂರಾಡುತ್ತಾ ಬಂದು ಬಿದ್ದಾಗ ಗುಂಪೆಲ್ಲ ನಗಬೇಕಿತ್ತು. ನಾವು ನಕ್ಕೆವು. ಸರಿ ಬರಲಿಲ್ಲವೆಂದು ಮತ್ತೆ ಬೀಳಿಸಿದರು, ಮತ್ತೆ ನಕ್ಕೆವು. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು: ಆ ದಿನ ನಾನು ಬಹಳ ಖುಷಿಯಾಗಿದ್ದೆ.

ಒಂದು ರವಿವಾರ ಮಧ್ಯಾಹ್ನ ಅದು ಟೀವಿಯಲ್ಲಿ ಬಂತು. ಹೆಂಡತಿ ಶಿರಾ ಮಾಡಿದ್ದಳು. ಅಕ್ಕಪಕ್ಕದ ಮನೆಯವರು ಬಂದು ಚಾಪೆಯ ಮೇಲೆ ಕೂತಿದ್ದರು. ಮುಗಿದ ಮೇಲೆ ಎಲ್ಲರೂ ಕೈಕುಲುಕಿ ಹೋದರು. ಹೆಂಡತಿ ಬಟ್ಟಲುಗಳನ್ನು ಒಂದರೊಳಗೊಂದು ಇಡುತ್ತಾ ಕೇಳಿದಳು:

'ಅಂವ ಕುಡೀತಿದ್ನೇನ್ರಿ?'

'ಇಲ್ಲ.'

'ಮತ್ತ ಹಂಗ್ಯಾಕ ತೋರಿಸ್ಯಾರ? ಅವನ ಹೆಸರ ಹಿಡದು?'

'ಸಿನಿಮಾ ಅಂದ್ರ ಹಂಗ ಇರ್ತದ.'

'ಅವಂಗ ಹೆಂಡ್ತಿ ಮಕ್ಕಳ ಇಲ್ಲೇನ್ರಿ?' ಅಂದಳು. ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಟೆಲಿಫಿಲ್ಮ್ ನಮ್ಮ ಕಡೆ ಹೆಸರು ಮಾಡಿತು. ಅದರಲ್ಲಿ ನಾಯಕ ಬಿದ್ದಾಗ ಗುಂಪಿನಲ್ಲೊಬ್ಬ, 'ಇನ್ನೊಂದು ಕ್ವಾರ್ಟರ್ ಹಾಕು, ಆಗ ಎದ್ದೇಳ್ತೀ' ಎಂದು ಕೂಗುತ್ತಾನೆ. ಆ ಮಾತು ಮೈದಾನಗಳಿಗೆ ಇಳಿಯಿತು. ಯಾರು ಎಡವಿದರೂ 'ಕ್ವಾರ್ಟರ್, ಕ್ವಾರ್ಟರ್' ಎಂದು ಕೂಗುವುದು ಚಾಳಿಯಾಯಿತು. ನಾನು ಅವನ ಮನೆಯ ಕಡೆಯ ರಸ್ತೆ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗತೊಡಗಿದೆ.

ಸುಮಾರು ಎಂಟು ತಿಂಗಳ ಮೇಲೆ ಮಂಡಳದ ಹಳೆಯ ಕಾರ್ಯದರ್ಶಿ ತರಕಾರಿ ಪೇಟೆಯಲ್ಲಿ ಸಿಕ್ಕ. ನನ್ನ ಪುಸ್ತಕದ ಆಟಗಾರನ ಮಗಳು, ಹದಿನಾಲ್ಕು ವರ್ಷದವಳು, ಹುಡುಗಿಯರ ತಂಡದಲ್ಲಿ ಆಡುತ್ತಿದ್ದಳಂತೆ. ಅಪ್ಪನ ಹಾಗೆಯೇ ಹಾರುತ್ತಿದ್ದಳಂತೆ. ಅವಳು ದಾಳಿಗೆ ಹೊರಟಾಗಲೆಲ್ಲ ಎದುರು ತಂಡದ ಕಡೆಯವರು ಕ್ವಾರ್ಟರ್ ಎಂದು ಕೂಗಲು ಶುರುಮಾಡಿದರಂತೆ. ಒಂದು ಆಟದಲ್ಲಿ ದಾಳಿಯ ಅರ್ಧದಲ್ಲೇ ಉಸಿರು ಬಿಟ್ಟು, ಕೋರ್ಟಿನಿಂದ ನೆಟ್ಟಗೆ ಹೊರಗೆ ನಡೆದು ಹೋದವಳು ಮತ್ತೆ ಮೈದಾನಕ್ಕೆ ಬರಲಿಲ್ಲವಂತೆ.

ಮರುದಿನ ಅವನ ಮನೆಗೆ ಹೋದೆ. ಕಾಲುವೆಯ ಪಕ್ಕ, ತಗಡಿನ ಮನೆ. ಅವನ ಹೆಂಡತಿ ಬಾಗಿಲಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ. ಅವನೇ ಎದ್ದು ಬಂದ.

'ಬರ್ರಿ ಸಾಹೇಬ್ರ, ಕುಂದರ್ರಿ.' ಗೋಣಿಚೀಲದ ಮೇಲೆ ಚಾದರ ಹಾಸಿದ.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಮಾತ್ರ, 'ಆ ಟೀವಿಯವರು...' ಎಂಬುದಷ್ಟೇ.

'ಟೀವಿಯವರದ ಬಿಡ್ರಿ' ಎಂದು ಹೆಂಡತಿ ಅಲ್ಲಿಂದಲೇ ಹೇಳಿದಳು. 'ಮರಾಠಿ ಪುಸ್ತಕ ನಮ್ಮ ಮಗಳು ಓದಿ ಹೇಳಿದ್ಲು. ಅದರಾಗೂ ಅದ. ಕುಡದವನ ಕಾಲು ಅಂತ. ಅದು ಟೀವಿಯವರ ಬರದದ್ದ ಅಲ್ಲಲ್ರಿ?'

'ಅಲ್ಲವ್ವ. ನಾನೇ ಬರ್ದದ್ದು.'

'ಯಾಕ್ರಿ?'

'ಏ, ಬಿಡs' ಎಂದ ಅವನು ಅವಳಿಗೆ. ನನ್ನ ಕಡೆ ತಿರುಗಿ, 'ಅಕಿ ಸಿಟ್ಟಿಗೆದ್ದಾಳ್ರಿ. ಮನಸಿಗೆ ಹಚ್ಗೋಬ್ಯಾಡ್ರಿ' ಎಂದ.

'ಆ ದಿನ ಏನಾಗಿತ್ತು?' ಎಂದು ಕೇಳಿದೆ. ಆ ಫೈನಲ್ ಮುಗಿದು ಆರು ವರ್ಷಗಳಾಗಿದ್ದವು. ಆ ಪ್ರಶ್ನೆಯನ್ನು ನಾನು ಕೇಳಿದ್ದು ಆಗಲೇ ಮೊದಲ ಸಲ.

ಹೆಂಡತಿ ಹೇಳಿದಳು. ಹಿಂದಿನ ದಿನ ಅವರು ಕೆಲಸ ಮಾಡುತ್ತಿದ್ದ ಕಟ್ಟಡದಲ್ಲಿ ಸ್ಲ್ಯಾಬ್ ಹಾಕುವುದಿತ್ತು. ಸ್ಲ್ಯಾಬ್ ಒಮ್ಮೆ ಶುರುವಾದರೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ಲಿಫ್ಟ್ ಯಂತ್ರ ಕೆಟ್ಟುಹೋಗಿತ್ತು. ನಾಲ್ಕು ಅಂತಸ್ತು ಏಣಿ ಹತ್ತಿ, ತಲೆಯ ಮೇಲೆ ಕಾಂಕ್ರೀಟಿನ ಪುಟ್ಟಿ ಹೊತ್ತು ಇಬ್ಬರೂ ಮರುದಿನ ಮಧ್ಯಾಹ್ನದವರೆಗೆ ದುಡಿದಿದ್ದರು. ಅಲ್ಲಿಂದ ನೆಟ್ಟಗೆ ಮೈದಾನಕ್ಕೆ ಹೋಗಿದ್ದ.

'ಮಂಡಳದವರಿಗೆ ಹೇಳಬಹುದಿತ್ತಲ್ಲೋ' ಎಂದೆ.

'ಹೇಳಿದ್ರ ಆಡಸ್ತಿರಲಿಲ್ರಿ' ಎಂದ. ಆಮೇಲೆ ತಾನೇ ಮುಂದುವರಿಸಿದ: 'ನಿಮ್ಮ ದನಿ ಕೇಳಸ್ತಿತ್ರಿ ನನಗ. ಹೊಳ್ಳೋ ಅನ್ನೂದು. ಕಾಲs ಬರಲಿಲ್ಲ.'

ಮೂಲೆಯಲ್ಲಿ ಮಗಳು ಶಾಲೆಯ ಪುಸ್ತಕ ಹಿಡಿದು ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನಿದ್ದ ಅರ್ಧ ತಾಸಿನಲ್ಲಿ ಒಮ್ಮೆಯೂ ತಿರುಗಿ ನೋಡಲಿಲ್ಲ. ಏಳೆಂಟು ವರ್ಷ ಅವನ ಹಿಂದೆ ಊರೂರು ತಿರುಗಿದ್ದೆ. ಅವನ ಒಂದೊಂದು ದಾಳಿಯೂ ನನಗೆ ಬಾಯಿಪಾಠವಾಗಿತ್ತು. ಹಗಲು ಅವನೇನು ಮಾಡುತ್ತಾನೆ, ಏನು ತಿಂದು ಮೈದಾನಕ್ಕೆ ಬರುತ್ತಾನೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅವನು ಸಂಜೆ ಐದಕ್ಕೆ ನನಗಾಗಿಯೇ ಹುಟ್ಟಿ, ಏಳಕ್ಕೆ ಮಾಯವಾಗುತ್ತಾನೆ ಎಂದು ತಿಳಿದಿದ್ದೆನೇನೋ.

ಅಲ್ಲಿಂದ ಮುಂದೆ ನನ್ನ ಕೈಲಾದದ್ದು ಮಾಡಿದೆ. ಕೈಲಾದದ್ದು ಬಹಳವೇನಲ್ಲ. ಟೀವಿಯವರಿಗೆ ಪತ್ರ ಬರೆದೆ, ಉತ್ತರ ಬರಲಿಲ್ಲ. ನಿರ್ದೇಶಕರು ಫೋನೆತ್ತಿ, ಚಿತ್ರ ಒಮ್ಮೆ ಬಂದುಹೋಯಿತು, ಈಗೇನು ಮಾಡಲಾಗುತ್ತದೆ ಎಂದರು. ಮರಾಠಿ ಪತ್ರಿಕೆಯೊಂದಕ್ಕೆ ಎರಡು ಸಲ ಬರೆದೆ, ಅವರು ಹಾಕಲಿಲ್ಲ. ಕೊನೆಗೆ ಮಂಡಳದ ಗಣಪತಿ ಉತ್ಸವದಲ್ಲಿ ಬಹುಮಾನ ಹಂಚುವ ದಿನ ಮೈಕು ಕೇಳಿ ಪಡೆದೆ. ನನ್ನನ್ನು ಲೇಖಕರೆಂದು ಪರಿಚಯ ಮಾಡಿಸಿದರು, ಚಪ್ಪಾಳೆ ಬಿತ್ತು. ನಾನು ನನ್ನ ಮುರುಕು ಭಾಷಣದಲ್ಲಿ ಸ್ಲ್ಯಾಬಿನ ಕಥೆ ಹೇಳಿದೆ. ಆ ಮನುಷ್ಯ ಹನಿ ಸೆರೆ ಮುಟ್ಟಿದವನಲ್ಲ ಎಂದೆ. ಹಿಂದಿನ ಸಾಲಿನಿಂದ ಯಾರೋ 'ಕ್ವಾರ್ಟರ್!' ಎಂದರು. ಚಪ್ಪರವೆಲ್ಲ ನಕ್ಕಿತು. ವೇದಿಕೆಯ ಮೇಲಿದ್ದವರೂ ನಕ್ಕರು. ಕಾರ್ಯದರ್ಶಿ ನನ್ನ ಕೈಯಿಂದ ಮೈಕು ಮೆಲ್ಲಗೆ ತೆಗೆದುಕೊಂಡ.

ನಾಲ್ಕೈದು ವರ್ಷಗಳಾದ ಮೇಲೆ ಹಿಂದಿ ಸಿನಿಮಾ ಬಂತು. ಟೆಲಿಫಿಲ್ಮ್ ಮಾಡಿದವರೇ ಕಥೆಯನ್ನು ಮುಂಬಯಿಯವರಿಗೆ ಕೊಟ್ಟಿದ್ದರು. ನಾನು ಸಹಿ ಹಾಕಿದ ಕಾಗದದಲ್ಲಿ ಅದಕ್ಕೂ ಅವಕಾಶವಿತ್ತಂತೆ. ಅಷ್ಟರಲ್ಲಿ ಮೈದಾನದ ಆಚೆ ಮಗರಪಟ್ಟಾದ ಕಡೆ ಕಬ್ಬಿನ ಹೊಲಗಳಿದ್ದಲ್ಲಿ ಗಾಜಿನ ಗೋಪುರಗಳೆದ್ದಿದ್ದವು. ಅವನೂ ಆ ಕಡೆಯ ಕೆಲಸಗಳಲ್ಲಿ ಗಾರೆ ಹಚ್ಚುತ್ತಿದ್ದ. ಸಿನಿಮಾಕ್ಕೆ ಹೋಗೋಣ ಬರುತ್ತೀಯಾ ಎಂದು ಕೇಳಿದೆ. ಬರಲಾರ ಎಂದುಕೊಂಡಿದ್ದೆ. ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ.

ಬೆಳಗಿನ ಆಟ. ಸಿನಿಮಾದಲ್ಲಿ ಪುಣೆ ಇರಲಿಲ್ಲ, ಬೇರಾವುದೋ ಊರು. ಯಾದಗಿರಿ ಇರಲಿಲ್ಲ, ಸ್ಲ್ಯಾಬ್ ಇರಲಿಲ್ಲ, ಬೇಲಿಯ ಪಕ್ಕ ಕೂಗುವ ಗುಮಾಸ್ತನೂ ಇರಲಿಲ್ಲ. ನಾಯಕ ಕುಡಿಯುತ್ತಿದ್ದ. ಕೋಚಿನ ಮಗಳು ಅವನ ಬಾಟಲಿ ಒಡೆದುಹಾಕಿದಳು. ಅವನು ತಿದ್ದಿಕೊಂಡ. ಕೊನೆಯ ದಾಳಿ ಬಂತು. ಇಬ್ಬರನ್ನು ಮುಟ್ಟಿ ತಿರುಗಿದ. ಹಿಮ್ಮಡಿ ಹಿಡಿದರು. ನನ್ನ ಪಕ್ಕದ ಸೀಟಿನಲ್ಲಿ ಅವನು ಮುಂದಕ್ಕೆ ಬಾಗಿ ಕೂತಿದ್ದ, ಉಸಿರು ಬಿಗಿಹಿಡಿದಿದ್ದ. ಪರದೆಯ ಮೇಲಿನವನು ಐದು ಜನರನ್ನು ಎಳೆದುಕೊಂಡು ಗೆರೆ ಮುಟ್ಟಿದ. ಥಿಯೇಟರಿನಲ್ಲಿ ಸಿಳ್ಳೆ.

'ಮುಟ್ಟಿದ್ನೇನ್ರಿ?' ಎಂದು ಕೇಳಿದ, ಕಾಣಿಸದವನ ಹಾಗೆ.

'ಹೂಂ. ಮುಟ್ಟಿದ.'

ಕತ್ತಲಲ್ಲಿ ಅವನು ಅಳುತ್ತಿದ್ದಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಹೆಗಲ ಮೇಲೆ ಕೈಯಿಡಬೇಕೆಂದರೂ ಇಡಲಾಗಲಿಲ್ಲ. ಹೊರಗೆ ಬಂದು ಚಹಾ ಕುಡಿಯುವಾಗ ಹೇಳಿದ:

'ಸುಳ್ಳs ಬರೀಬೇಕಂದ್ರ ಹಿಂಗರೆ ಬರೀಬೇಕಿತ್ರಿ ನೀವು. ಗೆದ್ದಂಗ.'

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತು.

'ಮಗಳು ಮತ್ತ ಆಡ್ತಾಳೇನು?' ಎಂದು ಕೇಳಿದೆ.

'ಇಲ್ರಿ. ಅಕಿ ಮದವಿ ಮಾಡಿದ್ವಿ. ಹೋದ ಬ್ಯಾಸಿಗ್ಯಾಗ.' ಹದಿನೆಂಟು ತುಂಬಿದ ತಿಂಗಳಲ್ಲೇ ಮದುವೆಯಂತೆ. ಓಣಿಯಲ್ಲಿ ಜನ ಮಾತಾಡುತ್ತಾರೆಂದು ಒಪ್ಪಿದ ಮೊದಲ ಸಂಬಂಧಕ್ಕೇ ಕೊಟ್ಟರಂತೆ. ಕುಡುಕನ ಮಗಳೆಂದು ಎರಡು ಕಡೆ ಬೇಡವೆಂದಿದ್ದರಂತೆ. ಇದನ್ನೆಲ್ಲ ಅವನು ಬಸವಣ್ಣನ ಮುಂದೆ ಹರಕೆ ಒಪ್ಪಿಸುವವನ ಹಾಗೆ ತಣ್ಣಗೆ ಹೇಳಿದ. ಬರೆದ ಮೇಲೆ ನೋಡುತ್ತೇನೆ, ಮತ್ತೆ ಒಂದು 'ಹಾಗೆ' ಬಂದು ಕೂತಿದೆ. ಅವನು ಬರೀ ಹೇಳಿದ, ಅಷ್ಟೇ. ಕೈಯಲ್ಲಿ ಚಹಾದ ಗ್ಲಾಸು ಹಿಡಿದು ಹೇಳಿದ.

ಆಮೇಲೆ ಒಂದು ವರ್ಷ ನಾನು ಅವನನ್ನು ಕಾಣಲು ಹೋಗಲಿಲ್ಲ. ನನ್ನನ್ನು ನೋಡಿದರೆ ಅವನಿಗೆ ಏನು ಸುಖ ಎಂದುಕೊಳ್ಳುತ್ತಿದ್ದೆ. ಅಸಲಿಗೆ ಅವನನ್ನು ನೋಡಲು ನನಗೇ ಆಗುತ್ತಿರಲಿಲ್ಲ. ಕೊನೆಗೆ ಹೆಂಡತಿಯೇ ಒಂದು ದಿನ, 'ಹೋಗಿ ಮಾತಾಡಿಸಿ ಬರ್ರಿ, ಬರೀ ಕುಂತು ಕೊರಗಿದ್ರ ಏನ ಬಂತು' ಎಂದು ಕಳಿಸಿದಳು.

ಕಾಲುವೆಯ ಪಕ್ಕದ ಆ ಮನೆಯಲ್ಲಿ ಬೇರೆ ಸಂಸಾರವಿತ್ತು. ಒಬ್ಬ ಹೆಂಗಸು ಮಗುವಿಗೆ ತಲೆ ಬಾಚುತ್ತಿದ್ದಳು. ಅವನ ಹೆಸರು ಹೇಳಿದೆ, ಗೊತ್ತಿಲ್ಲ ಎಂದು ಮರಾಠಿಯಲ್ಲಿ ಹೇಳಿದಳು. ಮೇಸ್ತ್ರಿ ಎಂದೆ, ಇಲ್ಲಿ ಎಲ್ಲರೂ ಮೇಸ್ತ್ರಿಗಳೇ ಎಂದಳು. ಕರ್ನಾಟಕದವನು, ಹಿಂದೆ ಕಬಡ್ಡಿ ಆಡುತ್ತಿದ್ದ ಎಂದೆ.

ಆಗ ಅವಳ ಮುಖ ಅರಳಿತು. 'ಯಾರು, ಆ ಕುಡುಕನೇ?' ಎಂದಳು.

ಅಲ್ಲ ಎನ್ನಬೇಕಿತ್ತು. ಅಲ್ಲ ಎಂದರೆ ಅವನು ಎಲ್ಲಿ ಹೋದನೆಂದು ಅವಳು ಹೇಳುವಂತಿರಲಿಲ್ಲ. 'ಹೌದು' ಎಂದೆ.

ಅವರು ಹೋಗಿ ಮೂರು ತಿಂಗಳಾಯಿತಂತೆ. ಒಂದು ಟ್ರಂಕು, ಎರಡು ಗಂಟು ಹೊತ್ತು ಪುಣೆಯ ದಕ್ಷಿಣದಂಚಿನ ಕಾತ್ರಜಕ್ಕೆ ಹೋಗಿ ಬಸ್ಸು ಹತ್ತಿದರಂತೆ. ಯಾವ ಊರಿಗೆ ಎಂದು ಯಾರೂ ಕೇಳಿರಲಿಲ್ಲ. ಕಾತ್ರಜದಿಂದ ಬಸ್ಸುಗಳು ಸಾತಾರಾಕ್ಕೂ ಹೋಗುತ್ತವೆ, ಕೊಲ್ಹಾಪುರಕ್ಕೂ ಹೋಗುತ್ತವೆ, ಬೆಳಗಾವಿ ದಾಟಿ ಮುಂದಕ್ಕೂ ಹೋಗುತ್ತವೆ. ಯಾದಗಿರಿಗೆ ಹೋಗುವವರು ಆ ದಾರಿ ಹಿಡಿಯುವುದಿಲ್ಲ. ಅಂದರೆ ಅವರು ಊರಿಗೆ ಹೋಗಿರಲಿಲ್ಲ, ಕಟ್ಟಡ ಏಳುತ್ತಿರುವ ಇನ್ನಾವುದೋ ಊರಿಗೆ ಹೋಗಿದ್ದರು.

ಮನೆಗೆ ಬಂದು ಹೆಂಡತಿಗೆ ಅವರು ಸಿಗಲಿಲ್ಲ ಎಂದಷ್ಟೇ ಹೇಳಿದೆ. ಆ ಹೆಂಗಸಿಗೆ ಏನೆಂದೆ ಎಂಬುದನ್ನು ಹೇಳಲಿಲ್ಲ. ಅವಳಿಗೆ ಅದು ಇನ್ನೂ ಗೊತ್ತಿಲ್ಲ.